ನಂಬಿಕೆಯ ಆಣೇವಾರಿ

ನಮ್ಮ ಮನೆತನದ ಹೆಣ್ಣುಮಗಳೊಬ್ಬಳು ಡಿಗ್ರಿ ತಗೊಳ್ಳುವುದು ಸಾಧ್ಯವೇ ಇಲ್ಲ ಎಂದು ಹೇಳಿದವನು ನನ್ನ ಸೋದರಮಾವ ಫಕ್ಕೀರಪ್ಪ. ಹೇಳಿದ್ದು ಹಾನಗಲ್ಲಿಗೆ ಹತ್ತಿರದ ನಮ್ಮೂರಿನಲ್ಲಿ, ನಮ್ಮದೇ ಮನೆಯ ಮುಂದಿನ ಕಟ್ಟೆಯ ಮೇಲೆ. ಕೇಳಿದವರು ಧಾರವಾಡದಿಂದ ಬಂದು, ಕೊಡೆಯನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದ ಒಬ್ಬ ರಾಯರು.

"ಈ ಮನಿ ಹುಡುಗಿ ಮುಂದ ಕಾಲೇಜು ಮುಗಸ್ತಾಳ ಅಂತ ಅನಸ್ತದೇನು ನಿಮಗ?"

"ಆಗೂದ ಇಲ್ಲರಿ."

"ಎಷ್ಟಾಣೆ ಖಾತ್ರಿ?"

"ಹದಿನಾರಾಣೆ. ಸಾಲಲಿಲ್ಲಂದ್ರ ಮ್ಯಾಲ ಇನ್ನೆರಡಾಣೆ ನನ್ನ ಕಡಿಂದ ಹಾಕ್ಕೋರಿ."

ಬಾಗಿಲ ಹಿಂದೆ ನಿಂತು ನಾನು ಇದನ್ನು ಕೇಳಿದೆ. ಆಗಷ್ಟೇ ಮುಲ್ಕಿ ಪರೀಕ್ಷೆ, ಅಂದರೆ ಏಳನೇ ಇಯತ್ತೆ, ಪಾಸಾಗಿದ್ದೆ. ಅಪ್ಪ ಇರಲಿಲ್ಲ. ನಮ್ಮ ಹೊಲ, ಎತ್ತು, ನಮ್ಮ ಮಾತು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಮಾವ. ಅವನ ಮಗ ಬಸವಣ್ಣೆಪ್ಪನಿಗೆ ನನ್ನನ್ನು ತಂದುಕೊಳ್ಳುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಬಸವಣ್ಣೆಪ್ಪ ಕೆಟ್ಟ ಹುಡುಗನಲ್ಲ. ಅವನು ಬೇಡ ಎನ್ನುವುದಕ್ಕಿಂತ ನನಗೆ ಓದು ಬೇಕಾಗಿತ್ತು, ಅಷ್ಟೇ. ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದು ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತಿದ್ದ ಆ ಒಬ್ಬ ಮನುಷ್ಯನ ಬಾಯಲ್ಲಿತ್ತು.

ರಾಯರು ಹೋದ ತಿಂಗಳು ತೀರಿಕೊಂಡರು. ತುಂಬಿದ ವಯಸ್ಸು, ನರಳಾಟವಿಲ್ಲದ ಸಾವು. ಅವರ ಬಗ್ಗೆ ಬರೆಯಲೇಬೇಕು ಎಂದು ಹಳೆಯ ಜೊತೆಗಾರರು ಗಂಟುಬಿದ್ದಿದ್ದಾರೆ. ಬರೆಯುತ್ತೇನೆ, ಆದರೆ ಹೆಸರು ಬರೆಯುವುದಿಲ್ಲ. ಅವರ ಕಸುಬಿನಲ್ಲಿ ಯಾರು ಏನು ಹೇಳಿದರೂ ಹೇಳಿದವರ ಹೆಸರು ಹೊರಗೆ ಬರಬಾರದು ಎಂಬ ನೇಮವಿತ್ತು. "ಹೆಸರು ಹಚ್ಚಿದ್ರ ಮನುಷ್ಯಾ ತನ್ನ ಮಾತಿಗೆ ಕಾವಲು ಕೂಡ್ತಾನ" ಎನ್ನುತ್ತಿದ್ದರು. ಅವರ ನೇಮ ಅವರಿಗೂ ಇರಲಿ. ಮಾವನ ಹೆಸರು ಬರೆದಿದ್ದೇನಲ್ಲ ಎಂದರೆ, ಅವನ ಮಾತು ಬೇರೆ. ತನ್ನ ಹೆಸರು ಅಚ್ಚಾಗುತ್ತದೆಂದರೆ ಬೈಗುಳವಾದರೂ ಸಂತೋಷಪಡುವ ಜೀವ ಅದು.

ರಾಯರು ಸವಣೂರಿನವರು. ಅಪ್ಪ, ಅಜ್ಜ ಎಲ್ಲ ವೇದಾಂತದ ವಾದ ಮಾಡಿದ ಪಂಡಿತರು. ಇವರು ಗಣಿತ ಓದಿ ಕಾಲೇಜಿನಲ್ಲಿ ಕಲಿಸುತ್ತಿದ್ದವರು, ಇದ್ದಕ್ಕಿದ್ದಂತೆ ಅದನ್ನು ಬಿಟ್ಟು ಧಾರವಾಡದ ಒಂದು ಸಂಶೋಧನಾ ಕಚೇರಿ ಸೇರಿದರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಕಡೆಯ ಕೆಲವು ಹಳ್ಳಿಗಳನ್ನು ಆರಿಸಿಕೊಂಡು, ಮಂದಿ ಯಾವ ಮಾತನ್ನು ಎಷ್ಟು ಖಾತ್ರಿಯಾಗಿ ನಂಬುತ್ತಾರೆ ಎಂದು ಕೇಳುವುದು; ಕೆಲವು ವರ್ಷ ಬಿಟ್ಟು ಬಂದು ಅದೇ ಮಂದಿಗೆ ಅದೇ ಪ್ರಶ್ನೆ ಮತ್ತೆ ಕೇಳುವುದು. ಅದೇ ಅವರ ಕೆಲಸ. "ಗಣಿತದಾಗ ಒಮ್ಮೆ ಖರೇ ಆದದ್ದು ಕಾಯಂ ಖರೇ. ಅಲ್ಲಿ ನನಗ ಮಾಡ್ಲಿಕ್ಕೆ ಕೆಲಸಾ ಇರ್ಲಿಲ್ಲ" ಎಂದು ನಗುತ್ತಿದ್ದರು.

ನಿಜವಾದ ಕಾರಣ ಬೇರೆ ಇತ್ತು. ಅವರ ಅಕ್ಕ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅವರನ್ನು ಶಾಲೆಗೆ ಕಳಿಸೋಣವೆಂದಾಗ ಅಪ್ಪ ಮನೆ ಮುಳುಗಿದಂತೆ ಕೂಗಾಡಿದ್ದರಂತೆ. ವರ್ಷಗಳು ಕಳೆದವು. ಒಂದು ದಿನ ಊಟಕ್ಕೆ ಕೂತ ಅಪ್ಪ ತಾವಾಗಿಯೇ, "ಅಕಿ ಟ್ರೇನಿಂಗಿಗೆ ಹೋಗಿ ಮಾಸ್ತರಿಕಿ ಮಾಡ್ಲಿ" ಎಂದರು. ಮಗ ಬೆರಗಾಗಿ, "ಅಂದು ನೀವ ಬ್ಯಾಡ ಅಂದಿದ್ರಲ್ಲ?" ಎಂದು ಕೇಳಿದರೆ, ಅಪ್ಪನಿಗೆ ಇನ್ನೂ ಬೆರಗು. "ನಾನ? ನಾ ಎಂದ ಬ್ಯಾಡ ಅಂದಿದ್ದೆ?" ಸುಳ್ಳು ಹೇಳುವ ಮನುಷ್ಯರಲ್ಲ ಅವರು. ನಿಜಕ್ಕೂ ಮರೆತಿದ್ದರು. ಆ ಮರೆವೇ ರಾಯರನ್ನು ಗಣಿತದ ಕೋಣೆಯಿಂದ ಎಬ್ಬಿಸಿ ಹಳ್ಳಿಯ ಕಟ್ಟೆಗೆ ತಂದು ಕೂಡಿಸಿತು.

ಆಣೆಯ ಉಪಾಯ ಅವರಿಗೆ ಹೊಳೆದದ್ದು ಆಣೇವಾರಿಯಿಂದ. ಆಗ ಸರಕಾರದವರು ಬೆಳೆ ನೋಡಲು ಬಂದು, ಪೂರಾ ಬೆಳೆ ಹದಿನಾರಾಣೆ ಎಂದು ಹಿಡಿದು, ಈ ವರ್ಷ ಎಂಟಾಣೆ, ಈ ವರ್ಷ ಹತ್ತಾಣೆ ಎಂದು ಅಂದಾಜು ಕಟ್ಟುತ್ತಿದ್ದರು. ರೈತನಿಗೆ ನೂರರ ಲೆಕ್ಕ ಬಾರದಿದ್ದರೂ ಆಣೆಯ ಲೆಕ್ಕ ರಕ್ತದಲ್ಲೇ ಇತ್ತು. ಹೊಲಕ್ಕೆ ಆಣೇವಾರಿ ಇದ್ದ ಮೇಲೆ ಮನಸ್ಸಿಗೂ ಯಾಕಿರಬಾರದು ಎಂದು ಯೋಚಿಸಿದ ರಾಯರು, ಉತ್ಸಾಹದಿಂದ ಹುಲಗೂರಿನ ಕಡೆಯ ಒಂದು ಹಳ್ಳಿಗೆ ಹೋದರು. ಮೊದಲ ಪ್ರಯೋಗ.

"ನಾಳೆ ಸೂರ್ಯ ಹುಟ್ಟತಾನೇನು? ಎಷ್ಟಾಣೆ ಖಾತ್ರಿ?"

ಮುದುಕ ಸೂರ್ಯನ ಕಡೆ ಒಮ್ಮೆ, ರಾಯರ ಕಡೆ ಒಮ್ಮೆ ನೋಡಿದ. "ನಾಕಾಣೆ ಹಿಡೀರಿ ಸಾಹೇಬ್ರ."

"ಈ ಎತ್ತು ನಿಮ್ಮದ ಹೌದೇನು?"

"ಅದೂ ನಾಕಾಣೆ."

"ನಿಮ್ಮ ಮನಿಯವರು ಒಳಗ ಅದಾರ?"

"ಅದಾಳ್ರಿ. ಆದ್ರ ಮೂರಾಣಿಕ್ಕಿಂತ ಹೆಚ್ಚಿಗಿ ಬರೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

ಊರಿಗೆ ಊರೇ ಹೀಗೆ. ಪಂಡಿತರ ಮನೆಯಲ್ಲಿ ಹುಟ್ಟಿದವರಲ್ಲವೇ, ರಾಯರಿಗೆ ರೋಮಾಂಚನವಾಯಿತು. ಕಣ್ಣಿಗೆ ಕಂಡದ್ದನ್ನೂ ನಂಬದ ಮಹಾ ಸಂಶಯವಾದಿಗಳ ಗ್ರಾಮವೊಂದು ಶಿಗ್ಗಾಂವಿ ತಾಲೂಕಿನಲ್ಲಿ ಅಡಗಿಕೊಂಡಿದೆ ಎಂದು ಧಾರವಾಡಕ್ಕೆ ಬಂದು ಕಂಡಕಂಡವರಿಗೆಲ್ಲ ಹೇಳಿದರು. ಕಚೇರಿಯಲ್ಲಿ ಅದರ ಮೇಲೆ ಒಂದು ಭಾಷಣವೂ ಆಯಿತಂತೆ. ಭಾಷಣ ಕೇಳುತ್ತ ಕೂತಿದ್ದ ಒಬ್ಬರು, ಊರಲ್ಲಿ ಸ್ವಲ್ಪ ಹೊಲ ಇದ್ದವರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಣೇವಾರಿ ಕಡಿಮೆ ಬಂದರೆ ಸರಕಾರ ಆ ವರ್ಷದ ಕಂದಾಯ ತಡೆಯುತ್ತಿತ್ತು. ಕೊಡೆ ಹಿಡಿದು ಬಂದು ಆಣೆ ಕೇಳಿದವನ ಮುಂದೆ ಯಾವ ರೈತ ತಾನೆ ಹೆಚ್ಚು ಹೇಳಿಯಾನು? ಸೂರ್ಯನ ಮೇಲೂ ಕಂದಾಯ ಹಾಕುತ್ತಾರೆಂದೇ ಆ ಊರು ತಿಳಿದಿತ್ತು.

ಈ ಕತೆಯನ್ನು ರಾಯರು ತಾವೇ ಎಲ್ಲರಿಗೂ ಹೇಳುತ್ತಿದ್ದರು, ಪ್ರತಿ ಸಲ ಹೊಸದೊಂದು ಉತ್ತರ ಸೇರಿಸಿ. ಅಂದಿನಿಂದ ಮೊದಲು ಹೊಲದ ಮಾತೇ ತೆಗೆಯದೆ, "ನಾ ಕಂದಾಯದವಾ ಅಲ್ಲ, ಬೇಕಾದ್ರ ನನ್ನ ಕೊಡಿ ಒತ್ತಿ ಇಟ್ಕೋರಿ" ಎಂದು ಹೇಳಿ, ಆಮೇಲೆ ಪರೀಕ್ಷೆಗೊಂದು ಪ್ರಶ್ನೆ ಕೇಳುತ್ತಿದ್ದರು: "ನಿಮ್ಮ ಹೆಸರು ನಿಮ್ಮದ ಅಂತ ಎಷ್ಟಾಣೆ ಖಾತ್ರಿ?" ಅಬಲೂರಿನ ಒಬ್ಬಾಕೆ, "ಹೆಸರಿಟ್ಟಾಕಿ ನಮ್ಮವ್ವ. ಅಕಿನ್ನ ಕೇಳ್ರಿ, ನನ್ನ ಯಾಕ ಕೇಳಾಕತ್ತೀರಿ?" ಎಂದಿದ್ದಳು.

ಮಾತು ಎಲ್ಲಿಗೋ ಹೋಯಿತು. ಮಾವ ಹದಿನಾರಾಣೆ ಎಂದರೂ ನಾನು ಹೈಸ್ಕೂಲಿಗೆ ಹೋದೆ. ಅದು ಅವ್ವನ ಹಟ. ಅಣ್ಣನ ಎದುರು ಒಂದು ಮಾತಾಡದೆ, ಬೆಳಗಾಗುತ್ತಲೇ ಬುತ್ತಿ ಕಟ್ಟಿ, ಹೊಲಕ್ಕೆ ಹೋಗುವವಳಂತೆ ಹೊರಟು, ನನ್ನನ್ನು ಹಾನಗಲ್ಲ ದಾರಿಗೆ ಹಚ್ಚಿ ಬರುತ್ತಿದ್ದಳು. ಮಾವನಿಗೂ ಗೊತ್ತಿತ್ತು. ನೋಡಿಯೂ ನೋಡದಂತೆ ಇದ್ದ. ಮ್ಯಾಟ್ರಿಕ್ ಆದ ಮೇಲೆ ಮಾತ್ರ, "ಸಾಕು ಇನ್ನ" ಎಂದ. ಧಾರವಾಡದ ಹಾಸ್ಟೆಲ್ಲಿಗೆ ಹೋಗುವ ಮಾತನ್ನು ಕದ್ದು ಮುಚ್ಚಿ ಮಾಡಲು ಬರುತ್ತಿರಲಿಲ್ಲ.

ಅದೇ ಬೇಸಿಗೆಯಲ್ಲಿ ರಾಯರು ಎರಡನೇ ಸುತ್ತಿಗೆ ಬಂದರು. ಅದೇ ಕಟ್ಟೆ, ಅದೇ ಕೊಡೆ, ಅದೇ ಪ್ರಶ್ನೆ.

ಮಾವ ಈ ಸಲ ಥಟ್ಟನೆ ಹೇಳಲಿಲ್ಲ. "ಆಗೂದಿಲ್ಲ ಅನ್ನೂದು... ಹದಿನಾಕಾಣೆ ಹಿಡೀರಿ."

"ಹೋದ ಸಲ ಹದಿನಾರು, ಮ್ಯಾಲ ಎರಡು ಕೊಟ್ಟಿದ್ರಿ."

"ಹೌದೇನು? ಮ್ಯಾಟ್ರಿಕ್ ಪಾಸ್ ಆಗ್ಯಾಳಲ್ಲರಿ. ಅದಕ್ಕೊಂದೆರಡಾಣೆ ಬಿಡಬೇಕಲ್ಲ."

ರಾಯರು ಕಿವಿಯ ತುದಿ ಎಳೆದುಕೊಂಡರು. ಯೋಚನೆ ಬಂದಾಗ ಅವರು ಹಾಗೆ ಮಾಡುತ್ತಿದ್ದರು. "ಗೌಡ್ರ, ಹದಿನಾಕಾಣೆ ನಿಮ್ಮವು. ಅದಕ್ಕ ನಾ ಕೈ ಹಚ್ಚೂದಿಲ್ಲ. ಉಳಿದ ಎರಡಾಣೆ ಯಾರವು?"

"ಅಕಿವ."

"ಪೂರಾ ಅಕಿವ?"

"ಮತ್ತ! ಕೊಟ್ಟ ಮ್ಯಾಲ ತಿರುಗಿ ಇಸ್ಕೋತೀನೇನು ನಾನು?"

"ಹಂಗಾದ್ರ ಎರಡಾಣಿಗೆ ಆಗೂವಷ್ಟು ಕಾಲೇಜಿಗೆ ಕಳಸ್ರಿ. ಒಂದು ವರ್ಷ. ಮುಂದಿಂದು ಮುಂದ."

ಮಾವ ನಕ್ಕುಬಿಟ್ಟ. ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡಿದವನಿಗೆ ಚೌಕಾಸಿ ಎಂದರೆ ಪ್ರೀತಿ; ಸೋತರೂ ಪ್ರೀತಿ. ಒಂದೇ ವರ್ಷ ಎಂದು ನಾನು ಟ್ರಂಕು ಹೊತ್ತುಕೊಂಡು ಧಾರವಾಡದ ಬಸ್ಸು ಹತ್ತಿದೆ. ಪ್ರತಿ ವರ್ಷ ಅದೇ ಒಂದು ವರ್ಷ. ಸರ್ವೆಯ ಪ್ರಶ್ನೆ ಇಲ್ಲದಿದ್ದರೂ ಪ್ರತಿ ಬೇಸಿಗೆಯಲ್ಲೂ ಮತ್ತೆ ಕಟ್ಟೆ, ಮತ್ತೆ ಚೌಕಾಸಿ. ನನ್ನ ಜೊತೆ ಓದುತ್ತಿದ್ದ ವಕೀಲರ, ಡಾಕ್ಟರರ ಮಕ್ಕಳು ಪರೀಕ್ಷೆಗೆ ಹೆದರುತ್ತಿದ್ದರು. ನಾನು ರಜೆಗೆ ಹೆದರುತ್ತಿದ್ದೆ.

ಆ ರಜೆಗಳಲ್ಲಿ ರಾಯರ ಜೊತೆ ಸರ್ವೆ ಕೆಲಸಕ್ಕೆ ಹೋಗತೊಡಗಿದೆ. ಹೆಣ್ಣುಮಕ್ಕಳನ್ನು ಮಾತಾಡಿಸಲು ಅವರಿಗೆ ಹಳ್ಳಿಯ ಹುಡುಗಿಯೊಬ್ಬಳು ಬೇಕಾಗಿದ್ದಳು. "ನಾ ಕೇಳಿದ್ರ ಸೆರಗು ಎಳಕೊಂಡು ಒಳಗ ಹೋಗ್ತಾರ. ನೀ ಒಲಿ ಮುಂದ ಕೂತು ಕೇಳು. ಆದ್ರ ಒಂದು ನೆನಪಿಡು ತಂಗೀ, ಉತ್ತರ ಕೇಳಿ ಹುಬ್ಬು ಏರಿಸಬಾರದು. ನಿನ್ನ ಹುಬ್ಬು ನೋಡಿ ಮಂದಿ ಉತ್ತರಾ ಬದಲಸ್ತಾರ." ಈ ವಯಸ್ಸಿನಲ್ಲೂ ನಾನು ಹುಬ್ಬು ಏರಿಸುವುದಿಲ್ಲ. ಮಕ್ಕಳು ಇದಕ್ಕೆ ಹೆದರುತ್ತಾರೆ.

ಅವರ ಬಾಯಲ್ಲಿ 'ಖಂಡಿತ' ಎಂಬ ಮಾತು ಬಂದದ್ದೇ ಇಲ್ಲ. ನಾಳೆ ಬರುತ್ತೀರಾ ಎಂದರೆ, "ಬರ್ತೀನಿ, ಹದಿಮೂರಾಣೆ." ಪತ್ನಿ ಪಲ್ಯಕ್ಕೆ ಉಪ್ಪು ಸರಿಯಿದೆಯೇ ಎಂದರೆ, "ಹದಿನೈದಾಣೆ." ಆ ತಾಯಿ, "ಆ ಒಂದಾಣೆ ಮುಂದಿನ ಜನ್ಮಕ್ಕ ಇಟ್ಟೀರೇನು?" ಎಂದು ಸೌಟು ಕುಕ್ಕುತ್ತಿದ್ದರು. ಹೊಸ ಪೈಸೆ ಬಂದು ಆಣೆ ಹೋದಾಗ ಕಚೇರಿಯ ತರುಣರು ನೂರರ ಲೆಕ್ಕ ಹಿಡಿಯೋಣವೆಂದರು. ರಾಯರು ಒಪ್ಪಿ ಸವಣೂರ ಪೇಟೆಯಲ್ಲಿ ಕೇಳಿ ನೋಡಿದರು. ಎಲೆ ಮಾರುವವನೊಬ್ಬ ಬಹಳ ಹೊತ್ತು ತಿಣುಕಾಡಿ, "ಹೊಸಾ ಪೈಸಾದಾಗ ಯಾಪಾರ ಮಾಡಬಹುದು ಸಾಹೇಬ್, ಖರೇ ಹೇಳಾಕ ಬರಂಗಿಲ್ಲ" ಎಂದ. ರಾಯರು ಆಣೆಗೇ ಮರಳಿದರು. ಪೇಟೆಯಲ್ಲಿ ಸತ್ತ ಆಣೆ ನಮ್ಮ ಪ್ರಶ್ನೆಗಳಲ್ಲಿ ಇನ್ನೂ ಬಹಳ ವರ್ಷ ಬದುಕಿತ್ತು.

ಒಮ್ಮೆ ಹಿರೇಕೆರೂರಿನಲ್ಲಿ ಸಂತೆ ಮುಗಿದ ಮೇಲೆ ಬಸ್ಸಿಗಾಗಿ ಕಾದು ಕಾದು ಸುಸ್ತಾಗಿ, ಬಸ್ಸು ಬರುತ್ತದೆಯೇ ಎಂದು ನಾನು ಕೇಳಿದೆ. ರಾಯರು ನಶ್ಯ ಏರಿಸಿ, ಒಂದು ಸೀನು ಸೀನಿ ಹೇಳಿದರು: "ಬರೂದು ಹದಿನಾರಾಣೆ. ಇವತ್ತು ಬರೂದು ಆರಾಣೆ." ಆಮೇಲೆ ಗಂಭೀರವಾದರು. "ಇದ ನೋಡು ನನ್ನ ಸಂಶೋಧನಾ ಎಲ್ಲಾ. ಆಗ್ತದೋ ಇಲ್ಲೋ ಅಂತ ಮಂದಿ ಜಗಳಾಡ್ತಾರ. ಯಾವಾಗ ಅಂತ ಕೇಳೂದ ಮರೀತಾರ."

ಸವಣೂರಿನ ಬಂಗಲೆಯಲ್ಲಿ ದೊಡ್ಡ ಅಧಿಕಾರಿಯೊಬ್ಬರು ಅವರನ್ನು ಕರೆಸಿದ್ದರು. ಹೆಣ್ಣುಮಕ್ಕಳ ಬೋರ್ಡಿಂಗನ್ನು ಎರಡು ಊರುಗಳಲ್ಲಿ ಎಲ್ಲಿ ಕಟ್ಟಿಸಬೇಕು ಎಂಬ ಪ್ರಶ್ನೆ. "ಎರಡೂ ಊರಿನವರು ಬೇಡ ಅಂದಿದ್ದಾರೆ. ಹಾಗಿದ್ದರೆ ಎರಡೂ ಕಡೆ ಬೇಡ, ಮುಗಿಯಿತಲ್ಲ?" ಎಂದರು ಅಧಿಕಾರಿ.

"ಮುಗಿಯೂದಿಲ್ಲ ಸಾಹೇಬ್ರ. ಒಂದೂರಿನ ಬೇಡ ಮೊದಲೂ ಹದಿನಾರಾಣೆ, ಈಗೂ ಹದಿನಾರಾಣೆ. ಇನ್ನೊಂದೂರಿನ ಬೇಡ ಹದಿನಾರರಿಂದ ಹತ್ತಕ್ಕ ಇಳದದ. ನೀವು ನಿಂತದ್ದನ್ನಷ್ಟ ನೋಡ್ಲಿಕ್ಕೆ ಹತ್ತೀರಿ, ನಡದದ್ದನ್ನ ನೋಡವಲ್ರಿ. ಎರಡನೇ ಊರಾಗ ಕಟ್ಟಸ್ರಿ, ತುಂಬ್ತದ."

"ಎಷ್ಟು ಖಚಿತ?"

"ಹನ್ನೊಂದಾಣೆ."

ಅಧಿಕಾರಿ ನಕ್ಕರು, ಕಟ್ಟಿಸಿದರು. ಮೊದಲ ವರ್ಷ ಕೋಣೆಗಳು ಖಾಲಿ ಹೊಡೆದವು. ಏನ್ರೀ ಇದು ಎಂದು ಅವರು ಸಿಟ್ಟಿನಿಂದ ಹೇಳಿ ಕಳಿಸಿದಾಗ ರಾಯರು, "ಇವು ಉಳಿದ ಐದಾಣೆ" ಎಂದು ಉತ್ತರ ಕೊಟ್ಟರು. ಮರುವರ್ಷ ಹಾಸಿಗೆ ಹಾಸಲು ಜಾಗವಿರಲಿಲ್ಲ.

ರಾಯರೇ ಈ ಲೆಕ್ಕದಲ್ಲಿ ಸಿಕ್ಕಿಬಿದ್ದದ್ದು ನಮ್ಮ ಮನೆಯಲ್ಲಿ. ನಾನು ಕೊನೆಯ ವರ್ಷಕ್ಕೆ ಬಂದಿದ್ದೆ. ಹಳ್ಳಿ ತಿರುಗಿ ಬಂದವರು ನಮ್ಮ ಅಡಿಗೆಮನೆಯ ಹೊಸ್ತಿಲ ಹತ್ತಿರ ಕೂತು ಅವ್ವ ಬಡಿದ ಬಿಸಿ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದರು. ಇನ್ನೊಂದು ಹಾಕಿಸಿಕೊಳ್ಳುವಾಗ ಅವ್ವ, "ಈಗ ಉಂಡ್ರಿ ನೋಡ್ರಿ ರಾಯರ, ಭಾಳ ಛಲೋ ಆತು" ಎಂದಳು.

"ಈಗ ಅಂದ್ರ? ನಾ ಯಾವಾಗಲೂ ಇಲ್ಲೇ ಉಣ್ತೀನಲ್ಲ."

ಅವ್ವ ಹಂಚಿನಿಂದ ಕಣ್ಣು ತೆಗೆಯದೆ ಹೇಳಿದಳು: "ಮೊದಲ ಸಲ ಬಂದಾಗ ಕಟ್ಟಿ ಮ್ಯಾಲ ಕುಂತು ಬರೇ ಹಾಲು ಕುಡದ್ರಿ. ಅದೂ ನಿಮ್ಮ ಚೀಲದಾಗಿನ ಲೋಟದಾಗ. ಎರಡನೇ ಸಲ ಬಾಳಿಹಣ್ಣು ತಿಂದ್ರಿ. ಸಿಪ್ಪಿ ಇರ್ತೈತಲ್ಲ, ಮೈಲಿಗಿ ಆಗಂಗಿಲ್ಲ."

ರಾಯರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಖರೇನ?"

"ನಾನ್ಯಾಕ ಸುಳ್ಳು ಹೇಳ್ಲಿ?"

ಅವರು ನನ್ನ ಕಡೆ ತಿರುಗಿದರು. ನಾನು ಹುಬ್ಬು ಏರಿಸಲಿಲ್ಲ. ಮೆಲ್ಲಗೆ ಮುಖವೆಲ್ಲ ಅರಳಿ, ತೊಡೆ ತಟ್ಟಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಅಪ್ಪನ ಮಗನ ನಾನು! ಇಡೀ ನಾಲ್ಕು ತಾಲೂಕಿನ ಮಂದಿ ಬದಲಾದದ್ದು ಹಿಡದೀನಿ, ನಾ ಬದಲಾದದ್ದು ನನಗ ಗೊತ್ತಾಗ್ಲಿಲ್ಲ ನೋಡ್ರಿ. ಹಾಕ್ರಿ ತಾಯಿ, ಇನ್ನೊಂದು ರೊಟ್ಟಿ ಹಾಕ್ರಿ."

ಅಂದು ಸಂಜೆಯೇ ಮಾವ ಬಂದ. ಮುಖ ಗಂಟಾಗಿತ್ತು. ಬರುವ ಚೈತ್ರದಲ್ಲಿ ಬಸವಣ್ಣೆಪ್ಪನ ಜೊತೆ ನನ್ನ ಲಗ್ನ, ಮುಹೂರ್ತ ನೋಡಿಸಿಯಾಗಿದೆ ಎಂದ. ನನ್ನ ಕೊನೆಯ ಪರೀಕ್ಷೆ ಇದ್ದದ್ದೂ ಆಗಲೇ.

"ನನ್ನ ಹತ್ರ ಲಗ್ನದ ಪ್ರಶ್ನೆ ಇಲ್ಲ ಗೌಡ್ರ" ಎಂದು ರಾಯರು ಕೊಡೆ ಊರಿ ಕಟ್ಟೆಯ ಮೇಲೆ ಕೂತರು. "ನನ್ನದು ಹಳೇ ಪ್ರಶ್ನೆ. ಮೂರನೇ ಸಲ ಕೇಳ್ತೀನಿ. ಈ ಹುಡುಗಿ ಕಾಲೇಜು ಮುಗಸ್ತಾಳೇನು?"

"ಪರೀಕ್ಷಾಕ್ಕ ಕುಂತ್ರ ಮುಗಸ್ತಾಳ."

"ಕುಂತ್ರ, ಎಷ್ಟಾಣೆ?"

"ಹದಿನಾರಾಣೆ!" ಮಾವನಿಗೆ ರೇಗಿತು. "ನಮ್ಮ ಹುಡುಗಿ ಅದು. ನಾಪಾಸ ಆಗಾಕ ಅಕಿಗೇನು ಧಾಡಿ? ಹಾನಗಲ್ಲ ಪ್ಯಾಟ್ಯಾಗ ನನ್ನ ನೋಡಿದಾವ್ರು ಎತ್ತು ಹೆಂಗದಾವ ಅಂತ ಕೇಳೂದು ಬಿಟ್ಟು, ನಿಮ್ಮ ತಂಗಿ ಮಗಳು ಹೆಂಗ ಓದಾಕತ್ತಾಳ ಅಂತ ಕೇಳ್ತಾರ!"

"ಕುಂದರ್ಲಿಲ್ಲಂದ್ರ?"

"ಸೊನ್ನಿ. ಅದೂ ಕೇಳಬೇಕೇನು?"

"ಅಂದ್ರ ಸೊನ್ನಿಗೂ ಹದಿನಾರಕ್ಕೂ ನಡುವ ಇರೂದು ಅಕಿ ಬುದ್ಧಿ ಅಲ್ಲ, ದೇವರೂ ಅಲ್ಲ. ನೀವೊಬ್ಬರ."

ಮಾವ ಬಾಯಲ್ಲಿದ್ದ ಎಲೆ ಜಗಿಯುವುದನ್ನು ನಿಲ್ಲಿಸಿದ. ಬೀದಿ ನೋಡಿದ. ನನ್ನನ್ನು ನೋಡಿದ. ಒಳಗಿನಿಂದ ಅವ್ವನ ದನಿ ಬಂತು. ಅಣ್ಣನ ಎದುರು ಆಕೆ ಆಡಿದ ಮೊದಲ ಮಾತು ಅದೇ ಇರಬೇಕು. "ಅಣ್ಣಾ, ಪರೀಕ್ಷಾ ವರ್ಷಕ್ಕ ಒಂದ ಬರ್ತೈತಿ. ಮುಹೂರ್ತಕ್ಕೇನು, ಬೇಕಾದಷ್ಟು ಅದಾವ."

"ಬರೀಲಿ ಬಿಡು" ಎಂದ ಮಾವ ಕೊನೆಗೆ. "ಬರದು ಹಾಕ್ಲಿ ಒಮ್ಮೆ."

ತಮಾಷೆಯೆಂದರೆ, ಕಾಯ್ದು ಕಾಯ್ದು ಬೇಸತ್ತಿದ್ದ ಬಸವಣ್ಣೆಪ್ಪ ತನಗೆ ಹಿರೇಕೆರೂರಿನ ಒಂದು ಹುಡುಗಿ ಮನಸ್ಸಿಗೆ ಬಂದಿದ್ದಾಳೆ ಎಂದು ಅಂದೇ ಬಾಯಿ ಬಿಟ್ಟ. ಹುಡುಗನಿಗೂ ಇಷ್ಟು ದಿನ ಯಾರೂ ಪ್ರಶ್ನೆ ಕೇಳಿರಲಿಲ್ಲ. ಅದೇ ಚೈತ್ರದಲ್ಲಿ ಅವನ ಲಗ್ನವಾಯಿತು. ನಾನು ಕೊನೆಯ ಪೇಪರು ಬರೆದು ನೇರವಾಗಿ ಹಂದರಕ್ಕೆ ಹೋಗಿ ಹೋಳಿಗೆ ಉಂಡೆ. ರಾಯರೂ ಬಂದಿದ್ದರು. ಮಾವ ಬೀಗರ ಮುಂದೆ ನನ್ನನ್ನು ನಿಲ್ಲಿಸಿ ಎದೆಯುಬ್ಬಿಸಿ ಹೇಳುತ್ತಿದ್ದ: "ಮೊದಲಿಂದ ಹೇಳಕೋಂತ ಬಂದೇನಿ ನಾನು, ನಮ್ಮ ನೀಲವ್ವ ಡಿಗ್ರಿ ಮಾಡೇ ಮಾಡ್ತಾಳ ಅಂತ. ಯಾರೂ ನಂಬಲಿಲ್ಲ!"

ನಾನು ಬಾಯಿ ತೆರೆದೆ. ರಾಯರು ಕೊಡೆಯ ತುದಿಯಿಂದ ನನ್ನ ಕಾಲಿಗೆ ಮೆಲ್ಲಗೆ ತಿವಿದರು. ಹಂದರದ ಹೊರಗೆ ಬಂದ ಮೇಲೆ ಹೇಳಿದರು: "ಬಿಡು ತಂಗೀ. ನೀ ಬದಲಾದಿ ಅಂತ ಮನುಷ್ಯಾಗ ತೋರಿಸಿಕೊಟ್ರ, ಹಟಕ್ಕ ಬಿದ್ದು ಹಿಂದಕ್ಕ ಹೋಗ್ತಾನ. ಮರತಾನ ಅಂದ್ರ ಹೊಸಾದು ಬೇರು ಬಿಟ್ಟದ ಅಂತ ಅರ್ಥ. ಮಂದಿ ಮರೀಲಿ. ನೆನಪಿಡ್ಲಿಕ್ಕೆ ನಾವು ಇದ್ದೀವಲ್ಲ, ಪಗಾರ ತಗೊಂಡು." ಮುಂದೆ ನಾನು ನೌಕರಿ ಮಾಡಿದ ಅಷ್ಟೂ ವರ್ಷ ಈ ಒಂದು ಮಾತು ನನ್ನನ್ನು ಎಷ್ಟು ಜಗಳಗಳಿಂದ ಉಳಿಸಿತೋ!

ಘಟಿಕೋತ್ಸವಕ್ಕೆ ಅವ್ವ ಧಾರವಾಡಕ್ಕೆ ಬಂದಳು. ಇಳಕಲ್ ಸೀರೆ ಉಟ್ಟು, ಕಾಲಿಗೆ ಹೊಸ ಚಪ್ಪಲಿ ಕಚ್ಚಿ ಕುಂಟುತ್ತ. ಕರಿ ಗೌನು ತೊಟ್ಟ ನನ್ನನ್ನು ನೋಡಿ ಮೊದಲು ಗುರುತಿಸಲಿಲ್ಲ. ಗುರುತಿಸಿದ ಮೇಲೆ, "ಯಾರರ ವಕೀಲ್ರ ಅಂಗಿ ಹಾಕ್ಕೊಂಡು ಬಂದಿಯಲ್ಲ" ಎಂದಳು. ವೇದಿಕೆಯಲ್ಲಿ ನನ್ನ ಹೆಸರು ಕೂಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿ ಮುಗಿಸಿದ ಮೇಲೂ ಒಂದು ಚಪ್ಪಾಳೆ ತಡವಾಗಿ ಕೇಳುತ್ತಿತ್ತು. ಅದು ರಾಯರದು.

ಹೊರಗೆ ಬಂದು ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟೆ. ಬಿಸಿಲಿಗೆ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿ, ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೆ ಓದಿದರು. ಅದನ್ನು ನನಗೆ ಮರಳಿಸಲಿಲ್ಲ. ಅವ್ವನ ಎದುರು ನಿಂತು ಎರಡೂ ಕೈಯಿಂದ ಕೊಟ್ಟರು.

"ತಗೋರಿ ತಾಯಿ. ಎಲ್ಲಾ ಬರೋಬ್ಬರಿ ಅದ."

ಅವ್ವ ಕೈಯನ್ನು ಸೆರಗಿಗೆ ಒರೆಸಿ, ಮತ್ತೊಮ್ಮೆ ಒರೆಸಿ ಇಸಿದುಕೊಂಡಳು. ತಿರುವಿ ಹಿಂದುಗಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಮುಂದುಗಡೆ ನೋಡಿದಳು.

"ಇದು ಹರದು ಹೋದ್ರ ನೀ ಮತ್ತ ಮೊದಲಿನಂಗ ಆಗ್ತಿಯೇನು?"

"ಇಲ್ಲಬೇ. ಕಲತದ್ದು ಎಲ್ಲಿ ಹೋಗ್ತೈತಿ?"

"ಹಂಗಾದ್ರ ನಿನಗ್ಯಾಕ ಇದು?" ಎಂದವಳೇ ಸುರುಳಿ ಸುತ್ತಿ, ಸೆರಗಿನೊಳಗೆ ಅಡಗಿಸಿಕೊಂಡಳು. "ನಿನ್ನ ಕಡೆ ಕಲತದ್ದು ಐತಿ. ನನ್ನ ಕಡೆ ಇದಾರ ಇರ್ಲಿ."